ಗೌರಮ್ಮಜ್ಜಿಯ ಕುರ್ಚಿ ಹರಿಹರಕ್ಕೆ ಹೋದ ದಿನ

2025ರ ಮಾರ್ಚ್ 22, ಶನಿವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ನನ್ನ ದಿನಚರಿಯಲ್ಲಿ ಹಾಗೆ ಬರೆದುಕೊಂಡಿದ್ದೇನೆ. ನಾನು ಕೆಲಸ ಮಾಡುವುದು ದಾವಣಗೆರೆಯ ಒಬ್ಬ ಆಡಿಟರ್ ಕಚೇರಿಯಲ್ಲಿ. ಅಲ್ಲಿ ಮಾರ್ಚ್ ತಿಂಗಳೆಂದರೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಆದರೂ ಒಂದೇ ನಂಬರಿನಿಂದ ಮತ್ತೆ ಮತ್ತೆ ಫೋನ್ ಬಂದಾಗ ಹೊರಗೆ ಬಂದು ಎತ್ತಿದೆ. ಹರಿಹರದ ಮಂಜು.

"ಶ್ವೇತಕ್ಕ, ನಿಮ್ಮತ್ರ ಕಾಲು ಮುಂದಕ್ಕೆ ಚಾಚಿ ಕೂರೋ ವೀಲ್‌ಚೇರ್ ಐತಲ್ಲ, ಅದು ಬೇಕಿತ್ರಿ. ಸೋಮವಾರ ಬೆಳಿಗ್ಗೆ ಒಳಗೆ ಬೇಕು."

ಮಂಜು ಹರಿಹರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಗೆಳೆಯರ ಜೊತೆ ಸೇರಿ ರಕ್ತದಾನಿಗಳ ಗುಂಪೊಂದನ್ನು ನಡೆಸುವ ಹುಡುಗ. ನಮ್ಮದು ಇನ್ನೊಂದು ಬಗೆಯ ಗುಂಪು. ನಿಜಲಿಂಗಪ್ಪ ಬಡಾವಣೆಯಲ್ಲಿರುವ ಗಿರಿಜಕ್ಕನ ಮನೆಯ ಕಾರ್ ಶೆಡ್ಡಿನಲ್ಲಿ ಮಂಚ, ವಾಕರ್, ಊರುಗೋಲು, ಗಾಳಿ ಹಾಸಿಗೆ, ಗಾಲಿಕುರ್ಚಿಗಳನ್ನು ಇಟ್ಟುಕೊಂಡಿದ್ದೇವೆ. ಬೇಕಾದವರು ಒಯ್ಯುತ್ತಾರೆ, ಕೆಲಸ ಮುಗಿದ ಮೇಲೆ ತಂದುಕೊಡುತ್ತಾರೆ, ಬಾಡಿಗೆ ಇಲ್ಲ. ಗಿರಿಜಕ್ಕನ ಯಜಮಾನರು ಬಹಳ ದಿನ ಹಾಸಿಗೆ ಹಿಡಿದು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದ ಸಾಮಾನಿನಿಂದ ಶುರುವಾದದ್ದು ಇದು. ಯಾವ ಸಾಮಾನು ಯಾರ ಮನೆಗೆ ಹೋಯಿತು, ಯಾವಾಗ ವಾಪಸ್ ಬಂತು ಎಂದು ತಾರೀಖು ಸಮೇತ ಬರೆದಿಡುವುದು ನನ್ನ ಪಾಲಿನ ಕೆಲಸ. ಚಿಕ್ಕಂದಿನಿಂದಲೂ ನನಗೆ ಅದೊಂದು ಚಟ.

ಆ ಜನವರಿಯಲ್ಲಿ ದಾವಣಗೆರೆ ಮತ್ತು ಹರಿಹರದ ನಮ್ಮಂಥ ಪುಟ್ಟ ಪುಟ್ಟ ಗುಂಪಿನವರೆಲ್ಲ ಒಂದು ಭಾನುವಾರ ಗಿರಿಜಕ್ಕನ ಮನೆಯಲ್ಲಿ ಸೇರಿದ್ದೆವು. ರಕ್ತ ಕೊಡಿಸುವವರು, ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಬಂದವರಿಗೆ ರೊಟ್ಟಿ ಒಯ್ಯುವವರು, ಸಂಜೆ ಮಕ್ಕಳಿಗೆ ಪಾಠ ಹೇಳುವವರು. ಯಾರಿಗೂ ಸ್ವಂತ ಕಟ್ಟಡವಿಲ್ಲ. ಒಬ್ಬರಲ್ಲಿ ಇಲ್ಲದ್ದನ್ನು ಇನ್ನೊಬ್ಬರು ಕೊಡೋಣ ಎಂದು ಮಂಡಕ್ಕಿ ತಿನ್ನುತ್ತಾ ಮಾತಾಗಿತ್ತು. ಆ ಮಾತಿನ ಮೇಲೆ ಹರಿಹರದಿಂದ ಬಂದ ಮೊದಲ ಕೇಳಿಕೆ ಇದು.

ಮಂಜು ವಿಷಯ ಹೇಳಿದ. ಅವನ ಬೀದಿಯ ಸಿಂಧು ಎಂಬ ಹುಡುಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುತ್ತಿದ್ದಳು. ಶುಕ್ರವಾರ ಕನ್ನಡ ಪತ್ರಿಕೆ ಬರೆದು ಮನೆಗೆ ಬಂದವಳು ಸಂಜೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್. ಮೊಣಕಾಲು ಮಡಿಸುವಂತಿಲ್ಲ, ನೆಲಕ್ಕೆ ಊರುವಂತಿಲ್ಲ. ಕಾಲು ಚಾಚಿ ಕೂತು ಬರೆಯುವುದಾದರೆ ಬರೆಯಲಿ ಎಂದು ಡಾಕ್ಟರು ಹೇಳಿದ್ದರು. ಸೋಮವಾರ ಗಣಿತ.

"ಅವ್ರಪ್ಪ ಎತ್ಕೊಂಡು ಹೋಗ್ತೀನಿ ಅಂದ್ರೆ ಹುಡುಗಿ ಒಪ್ತಿಲ್ಲ" ಎಂದ ಮಂಜು. "'ಎಲ್ಲಾ ಹುಡುಗ್ರ ಮುಂದೆ ನನ್ನ ಮೂಟೆ ಹೊತ್ತಂಗೆ ಹೊತ್ಕೊಂಡ್ ಹೋಗ್ಬ್ಯಾಡ್ರಿ, ಪರೀಕ್ಷೆನೇ ಬ್ಯಾಡ' ಅಂತಾಳೆ. ಎತ್ತಿದ್ರೆ ನೋವಿಗೆ ಕಿರುಚ್ತಾಳೆ ಬೇರೆ. ಮುಂದಿನ ಸಲ ಬರಿಯಾಣ ಬಿಡು ಅಂತ ಅವ್ರಪ್ಪ ಅನ್ನಕ್ಕತ್ತ್ಯಾರೆ. ಆದ್ರೆ ಅವ್ರಕ್ಕಂದೂ ಹಿಂಗೇ ಆಗಿತ್ತು. ಆಗ ಕಾಮಾಲೆ ಬಂದಿತ್ತು. ಮುಂದಿನ ಸಲ ಅಂದಿದ್ದು ಮತ್ತೆ ಬರ್ಲೇ ಇಲ್ಲ. ಮದುವಿ ಮಾಡಿ ಕಳಿಸಿದ್ರು."

ಸಾದಾ ಗಾಲಿಕುರ್ಚಿ ಹರಿಹರದಲ್ಲೇ ಇತ್ತು. ಕಾಲಿಡುವ ಹಲಗೆ ಮೇಲಕ್ಕೆದ್ದು ಚಾಚಿ ನಿಲ್ಲುವಂಥದ್ದು ಇರಲಿಲ್ಲ. ಔಷಧಿ ಅಂಗಡಿಯವರು ಮಂಗಳವಾರಕ್ಕೆ ತರಿಸಿಕೊಡುತ್ತೇವೆ ಎಂದಿದ್ದರಂತೆ.

"ನೋಡಿ ಹೇಳ್ತೀನಿ" ಎಂದು ಫೋನ್ ಇಟ್ಟೆ. ನಿಜವಾಗಿ ನೋಡುವುದೇನೂ ಇರಲಿಲ್ಲ. ಆ ಕುರ್ಚಿ ಎಲ್ಲಿದೆ ಎಂದು ನನಗೆ ಬಾಯಿಪಾಠವಾಗಿತ್ತು. ನಮ್ಮಲ್ಲಿ ಅಂಥದ್ದು ಇದ್ದದ್ದು ಒಂದೇ. ಅದನ್ನು ಹಿಂದಿನ ಸೆಪ್ಟೆಂಬರಿನಲ್ಲಿ ಆನೆಕೊಂಡದ ಹಾಲೇಶಣ್ಣ ತಮ್ಮ ತಾಯಿಗೆಂದು ಒಯ್ದಿದ್ದರು. ಅವರು ಲಗೇಜ್ ಆಟೋ ಓಡಿಸುತ್ತಾರೆ. ತಾಯಿ ಸಂಕ್ರಾಂತಿ ಕಳೆದು ಕೆಲವೇ ದಿನಕ್ಕೆ ತೀರಿಕೊಂಡಿದ್ದರು. ಫೆಬ್ರವರಿಯಲ್ಲಿ ನಾನು ಫೋನ್ ಮಾಡಿದಾಗ "ತಂದ್ ಕೊಡ್ತೀನ್ರೀ ಅಕ್ಕಾರೆ" ಎಂದಿದ್ದರು. ಆಮೇಲೆ ಮಾಡಿದಾಗಲೂ ಅದೇ ಮಾತು. ಮಾರ್ಚಿನಲ್ಲಿ ಫೋನ್ ಎತ್ತುವುದನ್ನೇ ಬಿಟ್ಟರು. "ಗುಜರಿಗೆ ಹಾಕಿರ್ತಾರೆ ಬಿಡು" ಎಂದು ನಮ್ಮ ಬಳಗದಲ್ಲಿ ಒಬ್ಬಿಬ್ಬರು ಅಂದದ್ದೂ ಉಂಟು.

ಆ ಸಂಜೆಯೂ ಹಾಲೇಶಣ್ಣ ಫೋನ್ ಎತ್ತಲಿಲ್ಲ. ಗಿರಿಜಕ್ಕನಿಗೆ ಹೇಳಿದೆ.

"ಫೋನಿನಾಗೆ ಏನ್ ಕೇಳ್ತೀಯಾ, ಬೆಳಿಗ್ಗೆ ಗಾಡಿ ತಗೊಂಡು ಬಾ. ಹೋಗೇ ಬಿಡಾಣ" ಎಂದರು.

ಭಾನುವಾರ ಬೆಳಿಗ್ಗೆ ಆವರಗೆರೆಯ ನಮ್ಮ ಮನೆಯಿಂದ ಸ್ಕೂಟಿಯಲ್ಲಿ ಹೊರಟು, ಗಿರಿಜಕ್ಕನನ್ನು ಹತ್ತಿಸಿಕೊಂಡು ಆನೆಕೊಂಡಕ್ಕೆ ಹೋದೆ. ಹಾಲೇಶಣ್ಣನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆಟೋ ಬಾಗಿಲಲ್ಲೇ ನಿಂತಿತ್ತು. ಅವರು ಬಕೆಟ್ ಹಿಡಿದು ಅದನ್ನು ತೊಳೆಯುತ್ತಿದ್ದರು. ನಮ್ಮನ್ನು ನೋಡಿದ ಕೂಡಲೇ ಅವರ ಮುಖ ಸಣ್ಣದಾಯಿತು.

"ಬರ್ರಿ ಅಕ್ಕಾರೆ, ಒಳಗ್ ಬರ್ರಿ. ಕೂಡ್ರಿ."

ಒಳಗೆ ಕಾಲಿಟ್ಟರೆ ಪಡಸಾಲೆಯ ಮೂಲೆಯಲ್ಲಿ ನಮ್ಮ ಕುರ್ಚಿ! ನಮ್ಮಲ್ಲಿದ್ದಾಗಲೂ ಅದು ಅಷ್ಟು ಹೊಳೆದಿರಲಿಲ್ಲ. ಗಾಲಿಯ ಕಡ್ಡಿಗಳನ್ನೆಲ್ಲ ಒರೆಸಿ, ಸೀಟಿನ ಮೇಲೆ ಒಗೆದ ಹಸಿರು ಸೀರೆಯೊಂದನ್ನು ಮಡಿಸಿ ಹೊದಿಸಿದ್ದರು. ಉಸಿರು ಬಂದಂತಾಯಿತು. ಗಿರಿಜಕ್ಕ ನೇರವಾಗಿ ವಿಷಯಕ್ಕೆ ಬಂದರು. ಹರಿಹರದ ಹುಡುಗಿ, ಮುರಿದ ಕಾಲು, ಸೋಮವಾರದ ಪರೀಕ್ಷೆ ಎಲ್ಲ ಹೇಳಿದರು.

ಹಾಲೇಶಣ್ಣನ ಹೆಂಡತಿ ನಾಗರತ್ನಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಿಗೆ ಒರಗಿ ನಿಂತರು. ಎಲ್ಲ ಕೇಳಿಸಿಕೊಂಡು, "ಪಾಪ" ಎಂದರು. ಆಮೇಲೆ, "ಆದ್ರೆ ಇವತ್ತು ಕೊಡಕ್ಕಾಗಲ್ರಿ" ಎಂದರು.

ನನಗೆ ಸಿಟ್ಟು ಬಂತು. "ಯಾಕಾಗಲ್ಲ ಅಕ್ಕ? ಕುರ್ಚಿ ಖಾಲಿನೇ ಇದೆಯಲ್ಲ!"

"ಖಾಲಿ ಐತೆ ಅಂತಾನೇ ಕೊಡಕ್ಕಾಗಲ್ಲ ತಂಗಿ."

ನನಗೆ ಅರ್ಥವಾಗಲಿಲ್ಲ. ಹಾಲೇಶಣ್ಣ ತಲೆ ತಗ್ಗಿಸಿ ನಿಂತಿದ್ದರು. ನಾಗರತ್ನಕ್ಕನೇ ಬಿಡಿಸಿ ಹೇಳಿದರು.

"ಪಕ್ಕದ್ಮನಿಯಿಂದ ಒಂದು ಬಟ್ಲು ಸಕ್ಕರಿ ಇಸ್ಕಂಡ್ರೂ ಬಟ್ಲು ಬರಿದು ಕೊಡಲ್ಲ ನಾವು. ಇದು ನಮ್ಮತ್ತೆಮ್ಮನ್ನ ಸಾಯೋ ತನಕ ಹೊತ್ತ ಕುರ್ಚಿ. ಇದನ್ನ ಬರಿದು ಹೆಂಗೆ ಕಳಿಸ್ಲಿ? ಏನಾರ ಸಿಹಿ ಮಾಡಿ, ಕುರ್ಚಿ ಮೇಲಿಟ್ಟು ಕಳಿಸ್ಬೇಕು ಅಂತ ನಂದು. ಆದ್ರೆ ಸಿಹಿ ಮಾಡಂಗಿಲ್ಲ. ಸಾವಾದ ಮನಿ ಇದು. ಹೊರಗಿನೋರು ಬಂದು ಒಲಿ ಮೇಲೆ ಬಾಣಲಿ ಇಟ್ಟು, ಸಿಹಿ ಮಾಡಿ, ನಮ್ಮ ಬಾಯಿಗೆ ಹಾಕೋ ತನಕ ನಾವು ಬೆಲ್ಲ ಮುಟ್ಟಂಗಿಲ್ಲ."

"ಹೊರಗಿನೋರು ಅಂದ್ರೆ?" ಎಂದೆ.

"ಅತ್ತೆಮ್ಮನ ತವರಿನೋರು. ಅಲ್ಲಿ ಯಾರೈದಾರೆ ಈಗ? ಇದ್ದೊಬ್ಬ ತಮ್ಮ ಅವ್ರಿಗಿಂತ ಮೊದ್ಲೇ ಹೋದ. ಮಕ್ಕಳು ಯಾವೂರಾಗವರೋ. ಯುಗಾದಿಗೆ ಯಾರಾದ್ರೂ ಬರ್ತಾರೇನೋ ಅಂತ ಕಾಯ್ತಾ ಕೂತೀವಿ."

ಹಾಲೇಶಣ್ಣ ಆಗ ಬಾಯಿ ಬಿಟ್ಟರು. "ಇದನ್ನೆಲ್ಲ ಫೋನಿನಾಗೆ ಹೆಂಗೆ ಹೇಳ್ಲಿ ಅಕ್ಕಾರೆ? ನಾಚ್ಕಿ ಆಗ್ತಿತ್ತು. ಅದಕ್ಕೇ ಎತ್ಲಿಲ್ಲ. ನೀವು ಏನ್ ತಿಳ್ಕೊಂಡ್ರೋ ಏನೋ."

ನಾನು ಗಿರಿಜಕ್ಕನ ಮುಖ ನೋಡಿದೆ. ನಾನು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದದ್ದು ಒಂದೇ, ಇವರನ್ನು ಒಪ್ಪಿಸಲು ಎಷ್ಟು ಹೊತ್ತು ಬೇಕಾದೀತು ಎಂದು. ಯುಗಾದಿ ಮುಂದಿನ ಭಾನುವಾರ. ಗಣಿತ ನಾಳೆ. ಗಟ್ಟಿಯಾಗಿ ಕೇಳಿದರೆ ಅವರು ಕೊಟ್ಟೇ ಕೊಡುತ್ತಿದ್ದರು, ಅದು ನಮ್ಮದೇ ಕುರ್ಚಿ. ಆದರೆ ಆ ಹಸಿರು ಸೀರೆಯನ್ನು ಎತ್ತಿಟ್ಟು ಅದನ್ನು ತಳ್ಳಿಕೊಂಡು ಹೊರಡುವುದನ್ನು ಊಹಿಸಿಕೊಂಡರೆ ಕೈ ಬರುವಂತಿರಲಿಲ್ಲ.

ಗಿರಿಜಕ್ಕ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬಾಣಲಿ ಎಲ್ಲೈತೆ ತೋರ್ಸು."

"ಅಯ್ಯೋ, ನೀವ್ಯಾಕ್ರೀ..."

"ಸುಮ್ನಿರು. ನಿಮ್ಮತ್ತೆ ಸೆಪ್ಟೆಂಬರಿಂದ ನಮ್ಮನಿ ಕುರ್ಚಿ ಮೇಲೆ ಕುಂತಿದ್ಲು. ನಮ್ಮನಿ ಮಗಳಾಗ್ಲಿಲ್ಲೇನು? ನಾನೇ ತವರಿನೋಳು ಅಂತ ತಿಳ್ಕೋ. ತಂಗಿ ಬೇರೆ ಬಂದಾಳೆ ಜೋಡಿಗೆ" ಎಂದು ನನ್ನ ಕಡೆ ಕೈ ತೋರಿಸಿದರು.

ನಾಗರತ್ನಕ್ಕ ಗಂಡನ ಮುಖ ನೋಡಿದರು. ಹಾಲೇಶಣ್ಣ ಸರಸರ ಹೊರಗೆ ಹೋಗಿಬಿಟ್ಟರು. ಆಟೋದ ಮರೆಯಲ್ಲಿ ನಿಂತು ಅವರು ಕಣ್ಣು ಒರೆಸಿಕೊಳ್ಳುವುದು ಕಿಟಕಿಯಿಂದ ಕಾಣುತ್ತಿತ್ತು.

ಬೀದಿ ಕೊನೆಯ ಅಂಗಡಿಗೆ ಓಡಿ ಹೋಗಿ ರವೆ, ಬೆಲ್ಲ, ತುಪ್ಪ, ಏಲಕ್ಕಿ ತಂದೆ. ಅವೂ ಹೊರಗಿನಿಂದಲೇ ಬರಬೇಕು ಎಂದು ಗಿರಿಜಕ್ಕ ಹೇಳಿದ್ದರು. ಸಜ್ಜಕ ಮಾಡುವುದೆಂದಾಯಿತು. ತೊಂದರೆ ಏನೆಂದರೆ, ಗಿರಿಜಕ್ಕ ಎಲ್ಲದರಲ್ಲೂ ಗಟ್ಟಿ, ಅಡುಗೆಯಲ್ಲಿ ಮಾತ್ರ ಅಷ್ಟಕ್ಕಷ್ಟೇ. ನಾನು ಅವರಿಗಿಂತ ಕಡಿಮೆ. ನಾಗರತ್ನಕ್ಕ ಒಲೆ ಮುಟ್ಟುವಂತಿಲ್ಲ. ಹೊಸ್ತಿಲ ಆಚೆ ಕೂತು ಚಡಪಡಿಸುತ್ತಿದ್ದರು.

"ಉರಿ ಸಣ್ಣ ಮಾಡ್ರಿ... ರವಿ ಸೀದು ಹೋಗುತ್ತೆ."

"ಮಾಡೀನಿ, ಮಾಡೀನಿ."

"ಬೆಲ್ಲ ಈಗ್ಲೇ ಹಾಕ್ಬ್ಯಾಡ್ರಿ! ಮೊದ್ಲು ರವಿ ಬೇಯ್ಲಿ."

"ಇದೊಳ್ಳೆ ಕತಿಯಾತಲ್ಲ. ತವರಿನೋರಿಗೆ ಅಡಿಗಿ ಕಲಿಸೋ ಸೊಸಿನ ಇವತ್ತೇ ನೋಡಿದ್ದು" ಎಂದರು ಗಿರಿಜಕ್ಕ.

ನಾಗರತ್ನಕ್ಕನಿಗೆ ನಗು ತಡೆಯಲಾಗಲಿಲ್ಲ. ನಕ್ಕು, ನಕ್ಕಿದ್ದಕ್ಕೆ ತಾವೇ ಗಾಬರಿಯಾದವರಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಮತ್ತೆ ನಕ್ಕರು.

ಸಜ್ಜಕ ಗಂಟುಗಂಟಾಗಿ ಬಂತು. ಗಿರಿಜಕ್ಕ ಹಾಲೇಶಣ್ಣನನ್ನು ಒಳಗೆ ಕರೆದು, ಇಬ್ಬರನ್ನೂ ಅಜ್ಜಿಯ ಫೋಟೋದ ಮುಂದೆ ಕೂರಿಸಿದರು. ಆಗಲೇ ನಾನು ಆಕೆಯ ಮುಖ ಸರಿಯಾಗಿ ನೋಡಿದ್ದು. ನನ್ನ ಬರವಣಿಗೆಯಲ್ಲಿ ಆಕೆ ಬರೀ 'ಹಾಲೇಶಪ್ಪನವರ ತಾಯಿ' ಆಗಿದ್ದರು. ಫೋಟೋದ ಕೆಳಗೆ ಗೌರಮ್ಮ ಎಂದಿತ್ತು. ಗಿರಿಜಕ್ಕ ಮೊದಲ ತುತ್ತನ್ನು ಹಾಲೇಶಣ್ಣನ ಬಾಯಿಗೆ ಹಾಕಿದರು. ಅಷ್ಟು ದೊಡ್ಡ ಮನುಷ್ಯ, ಅಕ್ಕಿ ಚೀಲ ಒಂದೇ ಕೈಯಲ್ಲಿ ಎತ್ತುವವರು, ಬಾಯಲ್ಲಿ ಸಿಹಿ ಇಟ್ಟುಕೊಂಡು ನುಂಗಲಾರದೆ ಬಿಕ್ಕಿ ಬಿಕ್ಕಿ ಅತ್ತರು. "ನಮ್ಮವ್ವ... ನಮ್ಮವ್ವ" ಎನ್ನುವುದು ಬಿಟ್ಟು ಬೇರೆ ಮಾತೇ ಬರಲಿಲ್ಲ. ತಾಯಿ ಹೋದ ದಿನವೂ ಅವರು ಹೀಗೆ ಅತ್ತಿರಲಿಲ್ಲ ಎಂದು ನಾಗರತ್ನಕ್ಕ ಆಮೇಲೆ ಹೇಳಿದರು.

ಅತ್ತು ಹಗುರಾದ ಮೇಲೆ ಮುಖ ತೊಳೆದುಕೊಂಡು ಬಂದು ಅವರು ಕೇಳಿದ ಮೊದಲ ಪ್ರಶ್ನೆ: "ಹರಿಹರದಾಗೆ ಎಲ್ಲಿ ಅಕ್ಕಾರೆ ಆ ಹುಡುಗಿ ಮನಿ? ನಾನೇ ಬಿಟ್ಟು ಬರ್ತೀನಿ."

ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಮುಂದೆ ಹಾಲೇಶಣ್ಣ, ಪಕ್ಕದಲ್ಲಿ ಗಿರಿಜಕ್ಕ. ಹಿಂದೆ ಕುರ್ಚಿಯನ್ನು ಹಗ್ಗದಿಂದ ಕಟ್ಟಿ, ಅದರ ಆಚೆ ಈಚೆ ನಾನು ಮತ್ತು ನಾಗರತ್ನಕ್ಕ. ಸೀಟಿನ ಮೇಲೆ ಸಜ್ಜಕದ ಡಬ್ಬಿ, ಒಂದು ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಬಟ್ಟೆ. ದಾರಿಯುದ್ದಕ್ಕೂ ನಾಗರತ್ನಕ್ಕ ಡಬ್ಬಿ ಹಿಡಿದುಕೊಂಡೇ ಇದ್ದರು. ಅರ್ಧ ದಾರಿಯಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ, "ತಂಗಿ, ಸತ್ತೋರು ಕುಂತಿದ್ದ ಕುರ್ಚಿ ಅಂತ ಗೊತ್ತಾದ್ರೆ ಆ ಹುಡುಗಿ ಕೂರ್ತಾಳಾ?" ಎಂದು ಕೇಳಿದರು. ನನಗೂ ಅದೇ ಭಯವಿತ್ತು. ಹೇಳದೇ ಇದ್ದರಾಯಿತು ಎಂದೆ.

"ಹೆಂಗೆ ಹೇಳ್ದೆ ಇರೋದು? ಆಮೇಲೆ ಗೊತ್ತಾದ್ರೆ ಬೇಜಾರಾಗಲ್ವಾ?"

ಮಂಜು ಹರಿಹರದ ಬಸ್ ಸ್ಟ್ಯಾಂಡಿನ ಹತ್ತಿರ ಕಾಯುತ್ತಿದ್ದ. ಅವನ ಬೈಕಿನ ಹಿಂದೆ ಹೋಗಿ ಸಿಂಧುವಿನ ಮನೆ ಮುಟ್ಟಿದೆವು. ಹುಡುಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಪ್ಲಾಸ್ಟರಿನ ಕಾಲು ದಿಂಬುಗಳ ಮೇಲಿತ್ತು. ಗಣಿತದ ಪುಸ್ತಕ ಮಂಚದ ಕೆಳಗೆ ಬಿದ್ದಿತ್ತು. ಅವಳ ಅಪ್ಪ ಅದನ್ನು ಎತ್ತಿಟ್ಟು, "ನಿನ್ನೆಯಿಂದ ಊಟನೂ ಬಿಟ್ಟು ಹಿಂಗೇ ಐದಾಳೆ ನೋಡ್ರಿ. ನಾವೂ ಬಲವಂತ ಮಾಡಲ್ಲ" ಎಂದರು. ಆ ದನಿಯಲ್ಲಿ ಕೈಬಿಟ್ಟ ಭಾವ ಇತ್ತು.

ನಾಗರತ್ನಕ್ಕ ಕುರ್ಚಿಯನ್ನು ತಾವೇ ತಳ್ಳಿಕೊಂಡು ಮಂಚದ ಹತ್ತಿರ ಹೋದರು. ನಾನು ಕಣ್ಣಲ್ಲೇ ಬೇಡ ಎಂದರೂ ಹೇಳಿಯೇಬಿಟ್ಟರು.

"ನೋಡವ್ವ ಮಗಳೇ, ಇದು ನಮ್ಮತ್ತೆಮ್ಮ ಕೂರ್ತಿದ್ದ ಕುರ್ಚಿ. ಅವ್ರು ಈಗಿಲ್ಲ. ನಿಂಗೆ ಬ್ಯಾಡ ಅನ್ಸಿದ್ರೆ ಬ್ಯಾಡ. ಬೇಜಾರಿಲ್ಲ."

ಸಿಂಧು ನಿಧಾನಕ್ಕೆ ಈ ಕಡೆ ತಿರುಗಿದಳು. ಕುರ್ಚಿಯನ್ನು, ಅದರ ಮೇಲಿದ್ದ ಡಬ್ಬಿಯನ್ನು, ತೆಂಗಿನಕಾಯಿಯನ್ನು ನೋಡಿದಳು.

"ಅಜ್ಜಿ ಇದ್ರ ಮೇಲೆ ಎಲ್ಲೆಲ್ಲಿಗೆ ಹೋಗ್ತಿದ್ರು?"

"ಎಲ್ಲಿಗೆ ಹೋಗ್ತಾರವ್ವ, ಬಾಗಿಲ ತನಕ."

"ಬಾಗಿಲಿಗ್ಯಾಕೆ?"

"ಬೀದಿಯೋರ ಜೋಡಿ ಜಗಳ ಮಾಡಾಕೆ!" ಎಂದರು ಹಾಲೇಶಣ್ಣ ಹಿಂದಿನಿಂದ. "ನಲ್ಲಿ ನೀರು ಬಂದ್ರೆ ಸಾಕು, 'ನನ್ನ ತಳ್ರೋ, ನನ್ನ ತಳ್ರೋ' ಅಂತ ಕೂಗೋಳು. ಕಾಲು ಚಾಚ್ಕೊಂಡು ರಾಣಿ ಹಂಗೆ ಬಾಗಿಲಾಗೆ ಕುಂತು ಎಲ್ರಿಗೂ ಬೈಯೋಳು. ಒಬ್ರೂ ಎದುರು ಮಾತಾಡ್ತಿರ್ಲಿಲ್ಲ."

ಸಿಂಧು ಫಕ್ಕನೆ ನಕ್ಕಳು. ಅವಳ ಅಮ್ಮ ಬಾಗಿಲ ಸಂದಿಯಲ್ಲಿ ನಿಂತು ಕಣ್ಣು ತುಂಬಿಕೊಂಡರು. ಅದೇ ಹೊತ್ತಿಗೆ ಗಿರಿಜಕ್ಕ ಡಬ್ಬಿ ತೆಗೆದು, "ಮೊದ್ಲು ಇದನ್ನ ತಿನ್ನು. ಗಂಟದಾವೆ, ಅಗ್ದು ತಿನ್ನು" ಎಂದರು. ಹುಡುಗಿ ಎರಡು ದಿನದ ಹಸಿವಿನಲ್ಲಿ ಅರ್ಧ ಡಬ್ಬಿ ಖಾಲಿ ಮಾಡಿದಳು.

ಕುರ್ಚಿಗೆ ಇಳಿಸುವಾಗ ನೋವಿಗೆ ಅವಳ ತುಟಿ ಬಿಳಿಚಿತು. ಅಪ್ಪ ಒಂದು ಕಡೆ, ಹಾಲೇಶಣ್ಣ ಒಂದು ಕಡೆ, ಮಂಜು ಕಾಲಿಗೆ. ಕಾಲಿನ ಹಲಗೆ ಮೇಲೆತ್ತಿ ಪ್ಲಾಸ್ಟರನ್ನು ಅದರ ಮೇಲೆ ಇಟ್ಟದ್ದೇ ಅವಳ ಮುಖ ಸಡಿಲಾಯಿತು. ನಾಗರತ್ನಕ್ಕ ತಂದಿದ್ದ ಕಾಯಿ, ಎಲೆ ಅಡಿಕೆ, ಕುಪ್ಪಸದ ಬಟ್ಟೆಯನ್ನು ಅವಳ ಮಡಿಲಿಗೆ ಇಟ್ಟರು. ಹುಡುಗಿ ತಾನೇ ಗಾಲಿ ಹಿಡಿದು ಬಾಗಿಲವರೆಗೆ ತಳ್ಳಿಕೊಂಡು ಹೋದಳು. ಹೊರಗೆ ಬೀದಿಯನ್ನು ನೋಡುತ್ತಾ ಒಂದಷ್ಟು ಹೊತ್ತು ಹಾಗೇ ಇದ್ದಳು. ಆಮೇಲೆ ತಿರುಗಿ, "ಅಪ್ಪಾ, ಗಣಿತದ ಪುಸ್ತಕ ಎಲ್ಲಿ?" ಎಂದಳು.

ಸೋಮವಾರ ನಾನು ಕಚೇರಿಗೆ ಅರ್ಧ ದಿನ ರಜೆ ಹಾಕಿ ಹರಿಹರಕ್ಕೆ ಬಸ್ಸಿನಲ್ಲಿ ಹೋದೆ. ಪರೀಕ್ಷಾ ಕೇಂದ್ರದ ಗೇಟಿನಲ್ಲಿ ನೋಡಿದರೆ ಹಾಲೇಶಣ್ಣನ ಆಟೋ! ಯಾರೂ ಹೇಳಿರಲಿಲ್ಲ, ತಾವೇ ಬಂದಿದ್ದರು. ಮೆಟ್ಟಿಲಿಗೆ ಇಡಲು ಎರಡು ಗಟ್ಟಿ ಹಲಗೆ ತಂದಿದ್ದರು. ಸಿಂಧು ಯೂನಿಫಾರ್ಮ್ ಹಾಕಿಕೊಂಡು, ಎರಡು ಜಡೆ ಹಾಕಿಕೊಂಡು, ಕಾಲು ಚಾಚಿ ಕೂತಿದ್ದಳು. ಅವಳ ಗೆಳತಿಯರು ಸುತ್ತ ಮುತ್ತಿಕೊಂಡು, ನಾನು ತಳ್ಳುತ್ತೇನೆ ತಾನು ತಳ್ಳುತ್ತೇನೆ ಎಂದು ಕಿತ್ತಾಡುತ್ತಿದ್ದರು. ಹಾಲೇಶಣ್ಣ ಯಾರಿಗೂ ಬಿಡಲಿಲ್ಲ. "ಹಲಗಿ ಮೇಲೆ ನಾನೇ ಹತ್ತಿಸ್ಬೇಕು, ಸರೀರಿ" ಎಂದು ಬೈದು ತಾವೇ ಹತ್ತಿಸಿದರು. ಪರೀಕ್ಷೆ ಮುಗಿಯುವ ತನಕ ಗೇಟಿನ ಎದುರಿನ ಬೇವಿನ ಮರದ ಕೆಳಗೆ ಆಟೋದಲ್ಲೇ ಕೂತಿದ್ದರು. ಆ ದಿನದ ಬಾಡಿಗೆಗಳನ್ನೆಲ್ಲ ಬಿಟ್ಟಿದ್ದರು.

ಸಿಂಧು ಉಳಿದ ಪತ್ರಿಕೆಗಳನ್ನೂ ಬರೆದಳು. ಈಗ ಪಿಯುಸಿ ಓದುತ್ತಿದ್ದಾಳೆ, ನಡೆದುಕೊಂಡೇ ಕಾಲೇಜಿಗೆ ಹೋಗುತ್ತಾಳೆ. ಹಾಲೇಶಣ್ಣ ನಮ್ಮ ಬಳಗದವರೇ ಆಗಿಬಿಟ್ಟಿದ್ದಾರೆ; ದಾವಣಗೆರೆಯಿಂದ ಹರಿಹರಕ್ಕೆ, ಅಲ್ಲಿಂದ ಇಲ್ಲಿಗೆ ಸಾಮಾನು ಹೋಗುವುದು ಬರುವುದು ಅವರ ಆಟೋದಲ್ಲೇ. ಅದಕ್ಕಿಂತ ಮುಖ್ಯವಾಗಿ ನಮ್ಮ ಗುಂಪುಗಳು ಈಗ ಒಂದು ಪದ್ಧತಿ ಮಾಡಿಕೊಂಡಿವೆ. ನಮ್ಮ ಸಾಮಾನು ಇದ್ದ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ವಾಪಸ್ ಕೇಳಲು ಫೋನ್ ಮಾಡುವುದಿಲ್ಲ. ಹತ್ತಿರದ ಊರಿನ ಇಬ್ಬರು ಹೋಗಿ ಕೂತು ಬರುತ್ತೇವೆ. ಸಾಮಾನಿನ ಮಾತೇ ಎತ್ತುವುದಿಲ್ಲ. ಒಲೆ ಹಚ್ಚುವುದಿದ್ದರೆ ಹಚ್ಚಿ ಬರುತ್ತೇವೆ. ಸಾಮಾನು ತಾನಾಗಿ ಬರುತ್ತದೆ.

ನಾನು ಈಗಲೂ ತಾರೀಖು ಬರೆಯುತ್ತೇನೆ. ಆದರೆ ಒಯ್ದವರ ಹೆಸರಿನ ಪಕ್ಕದಲ್ಲಿ, ಅದನ್ನು ಯಾರಿಗಾಗಿ ಒಯ್ದರೋ ಅವರ ಹೆಸರನ್ನೂ ಕೇಳಿ ಬರೆಯುತ್ತೇನೆ. ಆ ಭಾನುವಾರ ಹಾಲೇಶಣ್ಣ ಅತ್ತದ್ದು ಇವತ್ತಿಗೂ ನೆನಪಾಗುತ್ತದೆ. ಅವರ ಮನೆಗೆ ನಾವು ಕುರ್ಚಿ ಕೊಟ್ಟಿದ್ದೆವು, ಆದರೆ ಅವರು ಎರಡು ತಿಂಗಳು ಕಾಯುತ್ತಿದ್ದದ್ದು ಮನುಷ್ಯರಿಗಾಗಿ.

ಕೊನೆಗೆ ಒಂದು ಕೇಳಿಕೆ. ನಮಗೆ ಗೊತ್ತಿರುವುದು ನಮ್ಮ ಮನೆಗಳ ಕ್ರಮ ಮಾತ್ರ. ನಮ್ಮ ವಾಕರ್ ಒಂದು ಹರಿಹರದಲ್ಲಿ ಬಟ್ಟೆ ಹೊಲಿಯುವ ಒಬ್ಬ ಸಾಬರ ಮನೆಯಲ್ಲಿದೆ. ಅವರ ತಂದೆ ಹೋದ ವಾರ ತೀರಿಕೊಂಡರು. ನಾನು ಮತ್ತು ಮಂಜು ಹೋಗಬೇಕು. ಯಾವ ದಿನ ಹೋದರೆ ಸರಿ, ಹೋದಾಗ ಏನು ಮಾತಾಡಬೇಕು, ಏನಾದರೂ ಕೈಯಲ್ಲಿ ಹಿಡಿದು ಹೋಗಬಹುದೋ ಬಾರದೋ, ಅಡುಗೆಮನೆಗೆ ಕೈ ಹಾಕಬಹುದೋ ಎಂಬುದು ನಮಗೆ ತಿಳಿಯದು. ಅವರನ್ನೇ ಕೇಳಲು ಸಂಕೋಚ. ತಿಳಿದವರು, ಯಾವ ಊರಿನವರಾದರೂ ಸರಿ, ಯಾವ ಮನೆತನದವರಾದರೂ ಸರಿ, ನಿಮ್ಮ ಮನೆಗಳಲ್ಲಿ ಸಾವಾದ ಮೇಲೆ ಹೊರಗಿನವರು ಬಂದು ಏನು ಮಾಡಿದರೆ ಮನಸ್ಸಿಗೆ ಹಗುರವಾಗುತ್ತದೆ ಎಂದು ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ.